ನಿಂತ ದಿನಗಳ ಸಾಲು

ಬ್ಯಾಂಕ್ ಮ್ಯಾನೇಜರ್ ಕೋಣೆಯ ಎದುರು ಟೋಕನ್ ಹಿಡಿದು ಕೂತಿದ್ದ ಹೆಂಗಸೊಬ್ಬಳ ಪಕ್ಕದಲ್ಲೇ ಒಬ್ಬ ಕಟ್ಟಡ ಗುತ್ತಿಗೆದಾರನೂ ಅವನ ಸೊಸೆಯೂ ಪಿಸುಗುಟ್ಟುತ್ತಿದ್ದರು. ಕಾಂಕ್ರೀಟ್ ಮಿಕ್ಸರಿನ ಸದ್ದಿನ ನಡುವೆ ಮಾತಾಡಿ ರೂಢಿಯಾದ ಮಾವನ ಪಿಸುಮಾತು ಇಡೀ ಬೆಂಚಿಗೆ ಕೇಳುತ್ತಿತ್ತು.

“ಹೋದ ವರ್ಷ ಕ್ರೇನ್ ಕೊಳ್ಳೋಕೆ ಸಾಲ ಕೇಳ್ದೆ, ಕೊಡ್ಲಿಲ್ಲ. ಈ ಸಲ ನೀನು ಖರ್ಚಿನ ಪಟ್ಟೀಲಿ ಕ್ರೇನನ್ನೇ ಹೊಡೆದುಹಾಕಿದೀಯಲ್ಲಮ್ಮ!”

“ಹೊಡೆದುಹಾಕಿಲ್ಲ ಮಾವ, ಬಾಡಿಗೆಗೆ ಅಂತ ಬರ್ದಿದೀನಿ. ಇಡೀ ಕೆಲಸಕ್ಕೆ ಅದು ಬೇಕಾಗೋದು ಹನ್ನೊಂದೇ ದಿನ.”

“ಮಿಕ್ಕ ದಿನ ಅದರ ಪಾಡಿಗೆ ಅದು ನಿಂತಿರ್ತಿತ್ತು. ನಿಂತ ಯಂತ್ರ ಏನು ಹುಲ್ಲು ತಿನ್ನುತ್ತಾ?”

“ಬಡ್ಡಿ ತಿನ್ನುತ್ತೆ. ವಿಮೆ ತಿನ್ನುತ್ತೆ. ಡ್ರೈವರ್ ಸಂಬಳಾನೂ ತಿನ್ನುತ್ತೆ. ಅದಕ್ಕೇ ಪಟ್ಟೀಲಿ ‘ನಿಂತ ದಿನ’ ಅಂತ ಒಂದು ಸಾಲು ಸೇರಿಸಿ ಆ ಖರ್ಚು ತೋರಿಸಿದ್ದು. ದಿನಾ ದುಡಿಯೋ ಮಿಕ್ಸರ್ ಮಾತ್ರ ಕೊಳ್ಳೋಣ.”

“ಇವತ್ತೂ ಸಾಲ ಸಿಗದಿದ್ರೆ ಆಸ್ಪತ್ರೆ ಕಟ್ಟೋ ಕೆಲಸ ಕೈತಪ್ಪಿದ ಹಾಗೇ. ಆಮೇಲೆ ನೀನೂ ನಿನ್ನ ಸಾಲೂ!”

“ಸಿಕ್ಕಿದ್ರೆ?”

“ಸಿಕ್ಕಿದ್ರೆ ನಿನ್ನ ಚೀಲ ಹೊರ್ತೀನಿ, ಹೋಗು.”

ಬಾಗಿಲು ತೆರೆಯಿತು. ಮ್ಯಾನೇಜರ್ ಕೈಯಲ್ಲಿ ಅದೇ ಪಟ್ಟಿ ಇತ್ತು.

“ಸಾಲ ಮಂಜೂರಾಯ್ತು, ಒಳಗೆ ಬಂದು ಸಹಿ ಮಾಡಿ. ಅಂದ ಹಾಗೆ, ಈ ‘ನಿಂತ ದಿನ’ ಬರೆದೋರು ಯಾರು?”

ಮಾವ ಎದ್ದು ನಿಂತ. ಸೊಸೆಯ ಚೀಲವನ್ನು ಹೆಗಲಿಗೇರಿಸಿಕೊಂಡ. ಈಗ ಪಿಸುಗುಟ್ಟುವ ಗೋಜಿಗೇ ಹೋಗಲಿಲ್ಲ.

“ಇವರು ಸಾರ್, ನಮ್ಮ ಎಸ್ಟಿಮೇಟರ್. ನಾನು ಚೀಲ ಹೊರೋನು.”

ಸೊಸೆ ಮುಂದೆ, ಮಾವ ಹಿಂದೆ, ಇಬ್ಬರೂ ಒಳಗೆ ಹೋದರು.