ಮುಂಗೈ ಮೇಲಿನ ಮಸಿ

ಸಂಜೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಮದುವೆ ಅಡುಗೆಯ ಗಫಾರ್ ಸಾಬರು ನನ್ನ ಪಕ್ಕ ಕೂತಿದ್ದರು. ಅಂದಿನ ಮದುವೆ ಊಟ ಮುಗಿಸಿ ಬಂದ ಗೌಡರೊಬ್ಬರು ಅವರನ್ನು ಕಂಡು ನಿಂತರು.

“ಸಾಬ್ರೇ, ತೊಡೆ ಮಾಂಸ ಬೆಣ್ಣೆ ಆಗಿತ್ತು ಕಣ್ರೀ!”

“ಮಣ್ಣಿನ ಭಟ್ಟಿಗೆ ಇದ್ದಿಲು ತುಂಬಿದ್ದು ನನ್ನ ಮಗಳು ಜೈಬಾ, ಗೌಡ್ರೇ.”

“ನೀವಲ್ವಾ?”

“ದಪ್ಪದ್ದು ತಳಕ್ಕೆ, ಸಣ್ಣದು ಮೇಲಕ್ಕೆ ಜೋಡಿಸಿ, ಒಂದೇ ಕಡೆ ಕೆಂಡ ಇಟ್ಲು. ಬೆಳಗಿಂದ ನಿಧಾನಕ್ಕೆ ಹತ್ಕೊಂಡು ಬಂತು.”

“ನೀವೇನ್ ಮಾಡ್ತಿದ್ರಿ?”

“ತಡೀಲಾರ್ದೆ, ಮಾಂಸ ಬೆಂದಿದ್ಯಾ ನೋಡೋಣ ಅಂತ ಭಟ್ಟಿ ಮುಚ್ಚಳ ತೆಗೆಯೋಕೆ ಹೋದೆ. ಗಾಳಿ ಹೊಕ್ರೆ ಉರಿ ಏಳ್ತದೆ ಅಂತ ಇಕ್ಕಳದಲ್ಲೇ ಕೈಗೆ ಬಾರಿಸಿದ್ಲು.”

“ಅದಕ್ಕೇನಾ ಮುಂಗೈ ಮಸಿ? ಅಲ್ಲೇ ನಲ್ಲಿ ಐತೆ, ತೊಳ್ಕೊಳ್ಳಿ.”

“ಬುಡಿ ಗೌಡ್ರೇ. ಮನೆಗೋಗಿ ಅವಳಮ್ಮಂಗೆ ತೋರಿಸ್ಬೇಕು.”

ಬಸ್ ಬಂತು. ಸಾಬರು ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿದರು.