ಕೈಯಲ್ಲೇ ಉಳಿದ ಕಲ್ಲು

ವೇದಿಕೆಯ ಮೇಲಿರುವ ಹಿರಿಯರೇ, ಗಣಿಯ ಅಣ್ಣತಮ್ಮಂದಿರೇ, ನಾವು ಕಳೆದುಕೊಂಡ ಗೆಳೆಯನ, ಮುಂದಿನ ಸಾಲಿನಲ್ಲಿರುವ ತಾಯಿಯವರೇ, ತಂಗೀ — ಅವನ ಹೆಂಡತಿ ಎಂದರೆ ನನಗೆ ತಂಗಿಯೇ — ಎಲ್ಲರಿಗೂ ನಮಸ್ಕಾರ. ನಾನು ಮೇಸ್ತ್ರಿ. ಬೈಯುವುದು ನನ್ನ ಕೆಲಸ, ಭಾಷಣ ಅಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವನಿಗೆ ನಾವಿಟ್ಟ ಹೆಸರು 'ದೇವರಿದ್ದಾನೆ'. ದೀಪ ಕೆಟ್ಟರೂ ಅದೇ ಮಾತು, ಸಂಬಳ ತಡವಾದರೂ ಅದೇ ಮಾತು — "ದೇವರಿದ್ದಾನೆ ಬಿಡಿ ಮೇಸ್ತ್ರಿ." ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇದ್ರೆ ಬಂದು ಒಂದು ಸಲಿಕೆ ಹಿಡಿಯೋಕೆ ಹೇಳಯ್ಯಾ" ಅನ್ನುತ್ತಿದ್ದೆ. ನಗುತ್ತಿದ್ದ, ಅಷ್ಟೇ.

ಹಿಂದೊಮ್ಮೆ ಸುರಂಗ ಕುಸಿದಾಗ ಅವನೂ ನಾನೂ ಒಟ್ಟಿಗೇ ಒಳಗೆ ಸಿಕ್ಕಿಬಿದ್ದೆವು. ನಿಮಗೆ ಗೊತ್ತಲ್ಲ — ಸಿಕ್ಕಿಬಿದ್ದವರು ಗಾಳಿಯ ಕೊಳವೆಯನ್ನು ಕಲ್ಲಿನಿಂದ ಬಡಿಯಬೇಕು, ಮೇಲಿನವರು ತಿರುಗಿ ಬಡಿದು ಉತ್ತರ ಕೊಡಬೇಕು. ಅವನು ಬಡಿದ. ಹೀಗೆ — ಹೀಗೆ. ಕೊಳವೆಗೆ ಕಿವಿಯಿಟ್ಟ. ಉತ್ತರವಿಲ್ಲ. ಮತ್ತೆ ಬಡಿದ. ಉತ್ತರವಿಲ್ಲ. ನನ್ನ ಕೈಯ ಕಲ್ಲು ಎಸೆದು ರೇಗಿದೆ: "ನಿಲ್ಸೋ ಮಾರಾಯ, ಯಾರೂ ಇಲ್ಲ ಅಲ್ಲಿ!"

"ನಮಗೆ ಕೇಳಿಸ್ತಿಲ್ಲ ಅಷ್ಟೇ ಮೇಸ್ತ್ರಿ. ಅವರಿಗೂ ಕೇಳಿಸ್ತಿಲ್ಲ ಅಂತ ಯಾರು ಹೇಳಿದ್ದು?"

ಹೊರಗೆ ಬಂದ ಮೇಲೆ ತಿಳಿಯಿತು. ಒಂದೊಂದು ಬಡಿತವೂ ಮೇಲೆ ಕೇಳಿತ್ತು. ಅವರೂ ಬಡಿದಿದ್ದರು. ಒಳಗೆ ನೀರು ಧೋ ಎಂದು ಸುರಿಯುತ್ತಿತ್ತು ನೋಡಿ, ಆ ಸದ್ದಿನಲ್ಲಿ ನಮಗೇ ಕೇಳಿಸಿರಲಿಲ್ಲ. ಅವನ ಬಡಿತದ ಜಾಡು ಹಿಡಿದೇ ಅವರು ನಮ್ಮತ್ತ ಅಗೆದು ಬಂದಿದ್ದರು.

ಈ ಸಲ ಸುರಂಗ ಕುಸಿದಾಗ ಒಳಗೆ ಅವನೊಬ್ಬನೇ. ಮೇಲೆ ಕೊಳವೆಗೆ ಕಿವಿಯಿಟ್ಟು ಕೂತವನು ನಾನು.

ಅವನು ಬಡಿದ. ನಾನೂ ಬಡಿದೆ. ಸುತ್ತಿಗೆಯ ಹಿಡಿ ಮುರಿಯುವ ಹಾಗೆ ಬಡಿದೆ. ಇವರೆಲ್ಲ ಅಗೆದರು — ಇವರ ಕೈ ನೋಡಿ, ಇನ್ನೂ ಮಾಯ್ದಿಲ್ಲ. ಒಂದು ಬುಟ್ಟಿ ಮಣ್ಣು ತೆಗೆದರೆ ಎರಡು ಬುಟ್ಟಿ ಜಾರಿ ಬೀಳುತ್ತಿತ್ತು. ಬಡಿತ ನಿಧಾನವಾಯಿತು. ಆಮೇಲೆ — ನಿಂತಿತು. ನಾನು ಬಡಿಯುತ್ತಲೇ ಇದ್ದೆ. ಇವರೇ ನನ್ನನ್ನು ಎಳೆದು ಎಬ್ಬಿಸಿದ್ದು.

ನಿನ್ನೆ ತಂಗಿ ಕೇಳಿದಳು: "ಅಣ್ಣಾ, ನೀವು ಕೇಳಿಸ್ಕೊಳ್ತಿದೀರಾ ಅಂತ ಅವರಿಗೆ ಗೊತ್ತಾಯ್ತಾ? ಯಾರೂ ಇಲ್ಲ ಅಂದ್ಕೊಂಡೇ ಹೋದ್ರಾ?"

ಈಗ ಇಷ್ಟು ಜನರ ಮುಂದೆ ಹೇಳುತ್ತೇನೆ, ಕೇಳಮ್ಮಾ. ದೇವರು ಯಾಕೆ ಕಾಪಾಡಲಿಲ್ಲ, ನನಗೆ ಗೊತ್ತಿಲ್ಲ. ಗೊತ್ತು ಅನ್ನುವವರನ್ನು ನಂಬಬೇಡ. ನನಗೆ ದೇವರ ಮೇಲೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಯಾರೂ ಇಲ್ಲ ಅಂದುಕೊಂಡವನು ನನ್ನ ಹಾಗೆ ಕಲ್ಲು ಎಸೆಯುತ್ತಾನೆ. ನಿನ್ನ ಗಂಡ ಎಸೆಯಲಿಲ್ಲ. ಅವನು ಸಿಕ್ಕಾಗ ಕಲ್ಲು ಇನ್ನೂ ಮುಷ್ಟಿಯಲ್ಲೇ ಇತ್ತು, ತಾಯಿ. ಬೆರಳು ಬಿಡಿಸಿದ್ದು ನಾನೇ.

ಇವತ್ತು ಪಂಪು, ಯಂತ್ರ ಎಲ್ಲ ನಿಲ್ಲಿಸಿದ್ದೇವೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಾತು ಬೇಡ. ಉತ್ತರ ಬರದಿದ್ದರೂ, ಅವನ ಹಾಗೆ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲೋಣ.