ಎಡಗಾಲಿನ ಸಾಕ್ಸ್

ಬಲ್ಮಠದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಎದುರಿಗೆ ಎಡಗಾಲಿಗೆ ಮಾತ್ರ ಬಿಗಿ ಸಾಕ್ಸ್ ಹಾಕಿದ ಹಫ್ಸಾ, ಪಕ್ಕದಲ್ಲಿ ಅವಳ ನೆರೆಮನೆಯ ಒಲಿವಿಯಾ ಕುಳಿತಿದ್ದರು.

“ಡಾಕ್ಟ್ರು ಎಂತ ಹೇಳಿದ್ರು?”

“ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ, ಒಲಿವಿಯಾಕ್ಕ. ಮಕ್ಕಳಾಗದ ಹಾಗೆ ತೆಗೊಳ್ಳುವ ಮಾತ್ರೆಯಿಂದ ಕೆಲವರಿಗೆ ಹಾಗಾಗ್ತದಂತೆ. ಈಗ ನಿಲ್ಲಿಸಿದ್ದಾರೆ.”

“ದಿನಾ ತೆಗೊಳ್ತಿದ್ದಿಯಾ?”

“ದಿನಾ ತೆಗೊಳ್ಳಬೇಕಲ್ಲ. ನಿಮಗೆ ಗೊತ್ತಿಲ್ವಾ?”

“ನನಗೆ ಹೇಗೆ ಗೊತ್ತಿರ್ತದೆ? ಫ್ಲೋಯ್ಡ್ ಕುವೈಟಿನಿಂದ ಬರುವುದು ಎರಡು ವರ್ಷಕ್ಕೊಮ್ಮೆ.”

“ಡಾಕ್ಟ್ರು ಕೊಟ್ಟ ಈ ಸಾಕ್ಸ್ ಹಾಕುವುದೇ ಕಷ್ಟ. ರಾಝಿಕ್ ಅಂಗಡಿಗೆ ಹೋಗುವ ಮೊದಲು ಹಾಕಿ ಕೊಡ್ತಾರೆ.”

ಒಲಿವಿಯಾ ಸಾಕ್ಸನ್ನೇ ನೋಡಿದರು.

“ಅವರು ನೆಲದಲ್ಲಿ ಕೂತಾ?”

“ಹೌದು, ನೆಲದಲ್ಲಿ ಕೂತು. ಮತ್ತೆ ಹೇಗೆ?”

ನರ್ಸ್ ಹಫ್ಸಾಳ ಹೆಸರು ಕರೆದಳು. ಒಲಿವಿಯಾ ತೋಳು ಹಿಡಿದು ಎಬ್ಬಿಸಿದರು.

“ನಿಧಾನ ಮಾರಾಯ್ತಿ. ನಿನಗೆ ಬರುವ ಕಾಯಿಲೆಯೂ ಒಳ್ಳೆಯದೇ.”